ಎಲೆಯ ಸಾಕ್ಷ್ಯ, ಎಲೆಗೆ ಪಾಟೀಸವಾಲು



ಸಸ್ಯಶಾಸ್ತ್ರ ಕಲಿಸಿದ ಮೇಷ್ಟರೊಬ್ಬರ ನೆನಪಿನ ಉಪನ್ಯಾಸ ಇದು. ವಿಷಯದ ಆಯ್ಕೆಯನ್ನು ಸಂಘಟಕರು ನನಗೇ ಬಿಟ್ಟರು. ಗಾಳಿ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಗಿಡಗಳಿಂದ ತಿಳಿಯುವ ವಿದ್ಯೆಯನ್ನು ಆರಿಸಿಕೊಂಡೆ. ಜೈವಿಕ ಸೂಚಕ ವಿಧಾನ ಎಂಬುದು ಅದರ ಶಾಸ್ತ್ರೀಯ ಹೆಸರು. ಶಾಲೆಯ ಪಾಠದಲ್ಲಿ ಅದಕ್ಕೆ ಸಿಗುವುದು ಒಂದೇ ಸಾಲು: ಕಲ್ಲುಹೂವು ಇದ್ದರೆ ಗಾಳಿ ಶುದ್ಧ, ಇಲ್ಲದಿದ್ದರೆ ಅಶುದ್ಧ. ಒಂದು ಅಂಕದ ಪ್ರಶ್ನೆಗೆ ಈ ಸಾಲು ಸಾಕು, ಒಂದು ಊರಿನ ಗಾಳಿಯ ಮೇಲೆ ತೀರ್ಪು ಕೊಡಲು ಸಾಲದು. ಗಿಡ ಸಾಕ್ಷಿ ಹೇಳುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸಾಕ್ಷಿಕಟ್ಟೆ ಹತ್ತಿದವರನ್ನು ನ್ಯಾಯಾಲಯ ಪಾಟೀಸವಾಲಿಲ್ಲದೆ ಕೆಳಗಿಳಿಸುವುದಿಲ್ಲ. ಗಿಡಕ್ಕೂ ಆ ರಿಯಾಯಿತಿ ಬೇಡ ಎಂಬುದು ನನ್ನ ಇವತ್ತಿನ ವಾದ.

ಸಾಕ್ಷಿಯಾಗಲು ಯೋಗ್ಯವೇ ಅಲ್ಲದ ಗಿಡವೊಂದನ್ನು ಮೊದಲು ನೋಡೋಣ. ನಮ್ಮ ಹೆದ್ದಾರಿಗಳ ನಡುಪಟ್ಟಿಯಲ್ಲಿ ಕಣಗಿಲೆ ಇದೆಯಲ್ಲ, ಎರಡೂ ಬದಿಯಲ್ಲಿ ಲಾರಿಗಳು ಹೊಗೆ ಉಗುಳುತ್ತ ಹೋದರೂ ಅದು ಹಸಿರಾಗಿಯೇ ನಿಂತು ಗುಲಾಬಿ ಬಣ್ಣದ ಹೂ ಬಿಡುತ್ತದೆ. ಅದನ್ನು ಕಂಡು "ಗಾಳಿ ಅಷ್ಟೇನೂ ಕೆಟ್ಟಿಲ್ಲ ಬಿಡಿ" ಎನ್ನುವವರಿದ್ದಾರೆ. ಕಣಗಿಲೆಯ ಎಲೆಗೆ ದಪ್ಪ ಮೇಣದ ಹೊದಿಕೆ. ಉಸಿರಾಡುವ ಪತ್ರರಂಧ್ರಗಳು ಎಲೆಯ ತಳದಲ್ಲಿ, ರೋಮ ತುಂಬಿದ ಕುಳಿಗಳೊಳಗೆ ಅಡಗಿವೆ. ಬರಗಾಲ ತಾಳಲೆಂದು ಬಂದ ಈ ರಚನೆ ಹೊಗೆಯನ್ನೂ ತಾಳುತ್ತದೆ. ಯಾವ ಪೆಟ್ಟಿಗೂ ಅಳದ ಸಾಕ್ಷಿಯಿಂದ ಪೆಟ್ಟು ಬಿತ್ತೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಗಿಡದ ಈ ತಾಳಿಕೆಯನ್ನು ಅಳೆಯುವ ಒಂದು ಲೆಕ್ಕ ನಮ್ಮ ದೇಶದಲ್ಲೇ ಹುಟ್ಟಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಸ್.ಕೆ. ಸಿಂಗ್ ಮತ್ತು ಡಿ.ಎನ್. ರಾವ್ 1983ರಲ್ಲಿ ವಾಯುಮಾಲಿನ್ಯ ಸಹಿಷ್ಣುತಾ ಸೂಚ್ಯಂಕವನ್ನು ಮುಂದಿಟ್ಟರು. ಎಲೆಯಲ್ಲಿರುವ ಆಸ್ಕಾರ್ಬಿಕ್ ಆಮ್ಲ, ಪತ್ರಹರಿತ್ತು, ರಸದ ಆಮ್ಲೀಯತೆ, ನೀರಿನ ಪ್ರಮಾಣ, ಈ ನಾಲ್ಕನ್ನೂ ಸೇರಿಸಿ ಒಂದು ಅಂಕಿ ತೆಗೆಯುತ್ತಾರೆ. ಅಂಕಿ ಹೆಚ್ಚಿದ್ದರೆ ಗಿಡ ತಾಳಿಕೊಳ್ಳುತ್ತದೆ, ಕಾರ್ಖಾನೆಯ ಸುತ್ತ ಹಸಿರು ಪಟ್ಟಿಗೆ ನೆಡಬಹುದು. ಕಡಿಮೆಯಿದ್ದರೆ ಗಿಡ ಸೂಕ್ಷ್ಮ, ಸೂಚಕವಾಗಿ ಬಳಸಬಹುದು. ಎರಡೂ ಬೇರೆ ಬೇರೆ ಉದ್ಯೋಗ. ಈ ಸೂಚ್ಯಂಕ ಲೆಕ್ಕ ಹಾಕಿದ ಪ್ರಬಂಧಗಳಿಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬರವಿಲ್ಲ. ಹೆಚ್ಚಿನವು ಯಾವ ಮರ ನೆಡಬೇಕು ಎಂಬ ಪಟ್ಟಿಯಲ್ಲಿ ಮುಗಿಯುತ್ತವೆ, ಯಾವ ಮರವನ್ನು ಕೇಳಬೇಕು ಎಂಬ ಕಡೆ ಹೊರಳುವುದೇ ಇಲ್ಲ. ಹಸಿರು ಪಟ್ಟಿಗೆ ಅನುದಾನ ಸಿಗುತ್ತದೆ, ಬಾಡುವ ಗಿಡಕ್ಕೆ ಯಾರು ಕೊಡುತ್ತಾರೆ?

ಈಗ ಒಳ್ಳೆಯ ಸಾಕ್ಷಿಗಳ ಕಡೆ ಬರುತ್ತೇನೆ. 1944ರ ಸುಮಾರಿಗೆ ಅಮೆರಿಕದ ಲಾಸ್ ಏಂಜಲೀಸ್ ಸುತ್ತಲಿನ ಸೊಪ್ಪಿನ ಹೊಲಗಳಲ್ಲಿ ವಿಚಿತ್ರವಾದ ರೋಗವೊಂದು ಕಾಣಿಸಿಕೊಂಡಿತು. ಪಾಲಕ್, ಬೀಟ್‌ರೂಟ್, ಲೆಟಿಸ್ ಎಲೆಗಳ ಅಡಿಭಾಗ ಬೆಳ್ಳಿಯಂತೆ ಹೊಳೆದು, ಆಮೇಲೆ ಕಂಚಿನ ಬಣ್ಣಕ್ಕೆ ತಿರುಗುತ್ತಿತ್ತು. ಸೊಪ್ಪಿನ ವ್ಯಾಪಾರದಲ್ಲಿ ಎಲೆಯೇ ಮಾಲು, ಕಲೆ ಬಿದ್ದ ಎಲೆಯನ್ನು ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಬೆಳೆಗಾರರು ಸುಮ್ಮನಿರಲಿಲ್ಲ. ಅಷ್ಟು ಹೊತ್ತಿಗೆ ನಗರದ ಮೇಲೆ ಕಣ್ಣುರಿಸುವ ಮಬ್ಬು ಕವಿಯತೊಡಗಿತ್ತು. ಹೊಗೆ ಎಂದರೆ ಗಂಧಕ ಎಂಬುದು ಅಂದಿನ ತಿಳಿವಳಿಕೆ, ಲಂಡನ್ನಿನ ಕಲ್ಲಿದ್ದಲು ಹೊಗೆಯಿಂದ ಕಲಿತ ಪಾಠ ಅದು. ಆದರೆ ಸಲ್ಫರ್ ಡೈಆಕ್ಸೈಡ್ ಬಡಿದ ಎಲೆ ಹೇಗಿರುತ್ತದೆ ಎಂಬುದು ಸಸ್ಯರೋಗ ತಜ್ಞರಿಗೆ ಗೊತ್ತಿತ್ತು. ನರಗಳ ನಡುವಿನ ಜಾಗ ಬಿಳಿಚಿ ಸಾಯುತ್ತದೆ, ಕಲೆ ಎಲೆಯ ಎರಡೂ ಮುಖದಲ್ಲಿ ಕಾಣುತ್ತದೆ. ಇಲ್ಲಿ ಹೊಳಪು ಇದ್ದುದು ತಳದಲ್ಲಿ ಮಾತ್ರ. ರಿವರ್‌ಸೈಡ್‌ನ ಸಂಶೋಧನಾ ಕೇಂದ್ರದಲ್ಲಿದ್ದ ಜಾನ್ ಮಿಡಲ್‌ಟನ್ ಮತ್ತು ಜೊತೆಗಾರರು 1950ರಲ್ಲಿ ಇದನ್ನು ಹೊಸ ಬಗೆಯ ಹಾನಿ ಎಂದೇ ವರದಿ ಮಾಡಿದರು. ಇದು ಲಂಡನ್ನಿನ ಹೊಗೆಯಲ್ಲ ಎಂಬ ಸುಳಿವನ್ನು ಸೊಪ್ಪು ಕೊಟ್ಟಾಗಿತ್ತು.

ಅದೇ ಹೊತ್ತಿನಲ್ಲಿ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಏರೀ ಹಾಗೆನ್-ಸ್ಮಿತ್ ಎಂಬ ಡಚ್ ಮೂಲದ ಸಸ್ಯ ರಸಾಯನ ತಜ್ಞರಿದ್ದರು. ಅನಾನಸ್ ಹಣ್ಣಿನ ಘಮ ಯಾವ ಯಾವ ದ್ರವ್ಯಗಳಿಂದ ಆಗಿದೆ ಎಂದು ಬಿಡಿಸುವುದು ಅವರ ಕೆಲಸ. ಘಮ ಹಿಡಿಯುವ ಅದೇ ಉಪಕರಣದಲ್ಲಿ ಊರಿನ ಗಾಳಿಯನ್ನು ತಣಿಸಿ ನೋಡಿದರು. ಬಿಸಿಲು ಬಿದ್ದಾಗ ಪೆಟ್ರೋಲಿನ ಆವಿಯೂ ನೈಟ್ರೋಜನ್ ಆಕ್ಸೈಡುಗಳೂ ಸೇರಿ ಓಜೋನ್ ಮತ್ತಿತರ ಚುರುಕು ವಸ್ತುಗಳಾಗುತ್ತವೆ ಎಂಬುದು ಅವರ ತೀರ್ಮಾನ. ಅಂದರೆ ಯಾವ ಚಿಮಣಿಯಿಂದಲೂ ನೇರವಾಗಿ ಹೊರಡದ ವಿಷವೊಂದು ಗಾಳಿಯಲ್ಲೇ ತಯಾರಾಗುತ್ತಿತ್ತು. ಎಣ್ಣೆ ಉದ್ಯಮದ ಹಣದಲ್ಲಿ ಕೆಲಸ ಮಾಡುತ್ತಿದ್ದ ಸಂಶೋಧಕರು ಇದನ್ನು ಒಪ್ಪಲಿಲ್ಲ. ಹಾಗೆನ್-ಸ್ಮಿತ್ ಗಿಡಗಳನ್ನೇ ಮುಂದಿಟ್ಟರು. ಮುಚ್ಚಿದ ಕೋಣೆಯಲ್ಲಿ ಪಾಲಕ್, ಬೀಟ್, ಎಂಡೈವ್, ಓಟ್ಸ್, ಕುದುರೆ ಮೆಂತೆ ಗಿಡಗಳನ್ನಿಟ್ಟು ಪೆಟ್ರೋಲಿನ ಆವಿ ಮತ್ತು ಓಜೋನ್ ಬಿಟ್ಟರೆ, ಹೊಲದಲ್ಲಿ ಕಂಡ ಕಲೆಗಳೇ ಮೂಡಿದವು. 1952ರಲ್ಲಿ ಆ ಪ್ರಬಂಧ ಸಸ್ಯ ಶರೀರಶಾಸ್ತ್ರದ ಪತ್ರಿಕೆಯಲ್ಲಿ ಅಚ್ಚಾಯಿತು. ಕಂಚಿನ ಬಣ್ಣಕ್ಕೆ ಮುಖ್ಯ ಕಾರಣ ಆ ಮಿಶ್ರಣದಲ್ಲಿ ಹುಟ್ಟುವ ಪೆರಾಕ್ಸಿಅಸಿಟೈಲ್ ನೈಟ್ರೇಟ್ ಎಂಬುದು ಆಮೇಲೆ ತಿಳಿಯಿತು. ಹಾಗೆನ್-ಸ್ಮಿತ್ ಮುಂದೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಗೆ ಮೊದಲ ಅಧ್ಯಕ್ಷರಾದರು. ಕಾರುಗಳ ಹೊಗೆಗೆ ಮಿತಿ ಹಾಕುವ ಜಗತ್ತಿನ ಕಾನೂನುಗಳ ವಂಶಾವಳಿ ಬರೆದರೆ ಬುಡದಲ್ಲಿ ಒಂದು ಕಂತೆ ಪಾಲಕ್ ಸೊಪ್ಪು ಇರುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಸೊಪ್ಪು ಹೇಳಿದ್ದನ್ನು ಯಾರೂ ಹಾಗೆಹಾಗೇ ನಂಬಲಿಲ್ಲ. ಕೋಣೆಯೊಳಗೆ ಇನ್ನೊಮ್ಮೆ ಅದೇ ಮಾತನ್ನು ಹೇಳಿಸಿದರು. ಎಲೆಯ ಮೇಲಿನ ಕಲೆಗೆ ಹತ್ತು ಕಾರಣ ಇರಬಹುದಾದ್ದರಿಂದ ಇದು ಅನಿವಾರ್ಯ. ಓಜೋನ್ ಎಲೆಯ ಮೇಲ್ಮೈಯಲ್ಲಿ, ನರಗಳ ನಡುವೆ, ಸೂಜಿ ಚುಚ್ಚಿದಂಥ ಸಣ್ಣ ಚುಕ್ಕೆಗಳನ್ನು ಮೂಡಿಸುತ್ತದೆ. ಜೇಡನುಸಿ ಹೀರಿದ ಎಲೆಯೂ ದೂರದಿಂದ ಹಾಗೆಯೇ ಕಾಣುತ್ತದೆ. ತಿರುಗಿಸಿ ತಳ ನೋಡಿದರೆ ನುಸಿ, ಅದರ ಬಲೆ ಸಿಗುತ್ತವೆ. ಇಟ್ಟಿಗೆ ಗೂಡು, ಅಲ್ಯೂಮಿನಿಯಂ ಮತ್ತು ರಂಜಕ ಗೊಬ್ಬರದ ಕಾರ್ಖಾನೆಗಳಿಂದ ಬರುವ ಫ್ಲೋರೈಡ್ ಎಲೆಯೊಳಗೆ ಹೊಕ್ಕು, ನೀರಿನ ಹರಿವಿನ ಜೊತೆ ಸಾಗಿ ತುದಿಯಲ್ಲಿ, ಅಂಚಿನಲ್ಲಿ ಶೇಖರವಾಗುತ್ತದೆ. ಗ್ಲಾಡಿಯೋಲಸ್ ಗಿಡದ ಕತ್ತಿಯಂಥ ಎಲೆಯ ತುದಿ ಸುಟ್ಟು ಬೆಳ್ಳಗಾಗುವುದು ಇದರ ಪ್ರಸಿದ್ಧ ಗುರುತು. ಆದರೆ ಪೊಟ್ಯಾಶ್ ಕೊರತೆ ಇದ್ದರೂ ಅಂಚು ಕರಟುತ್ತದೆ, ಉಪ್ಪುನೀರು ತಾಗಿದರೂ ಕರಟುತ್ತದೆ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಜಾತಿಯ ಗಿಡ ನೋಡಿ "ಕಾರ್ಖಾನೆಯದೇ ಕೆಲಸ" ಎನ್ನುವವನು ಅವಸರದ ವಕೀಲ. ಬೇರೆ ಬೇರೆ ಕುಟುಂಬದ ಕಳೆ, ಬೆಳೆ, ಮರಗಳೆಲ್ಲ ಒಂದೇ ಬಗೆಯ ಗುರುತು ತೋರಿಸಬೇಕು, ಗಾಳಿ ಬೀಸುವ ದಿಕ್ಕಿನಲ್ಲಿ ಹಾನಿ ಹೆಚ್ಚಿರಬೇಕು, ದೂರ ಹೋದಂತೆ ಕಡಿಮೆಯಾಗಬೇಕು. ರೋಗವಾದರೆ ಅದಕ್ಕೆ ತನ್ನದೇ ಜಾತಿ ಇರುತ್ತದೆ, ಹೊಗೆಗೆ ಜಾತಿಯಿಲ್ಲ.

ಇನ್ನೊಂದು ತೊಡಕು ಗಿಡದ ಉಸಿರಿನಲ್ಲೇ ಇದೆ. ಅನಿಲ ಎಲೆಯ ಒಳಗೆ ಹೋಗುವುದು ಮುಖ್ಯವಾಗಿ ಪತ್ರರಂಧ್ರಗಳ ಮೂಲಕ. ಹಗಲು, ಬೇರಿಗೆ ನೀರಿದ್ದಾಗ, ಅವು ತೆರೆದಿರುತ್ತವೆ. ಬಿರುಬೇಸಿಗೆಯಲ್ಲಿ ಗಿಡ ನೀರು ಉಳಿಸಲು ಅವನ್ನು ಮುಚ್ಚಿಕೊಳ್ಳುತ್ತದೆ. ಗಾಳಿಯಲ್ಲಿ ಓಜೋನ್ ತುಂಬಿದ್ದರೂ ಬಾಯಿ ಮುಚ್ಚಿದ ಎಲೆಗೆ ಅದು ತಾಗುವುದಿಲ್ಲ. ಪಕ್ಕದಲ್ಲೇ ಹನಿ ನೀರಾವರಿಯ ಹೊಲದಲ್ಲಿ ಅದೇ ಬೆಳೆಗೆ ಚುಕ್ಕೆ ಬಿದ್ದಿರುತ್ತದೆ. ಯಂತ್ರ ಅಳೆಯುವುದು ಗಾಳಿಯಲ್ಲಿ ಎಷ್ಟಿದೆ ಎಂಬುದನ್ನು. ಗಿಡ ಹೇಳುವುದು ತನ್ನೊಳಗೆ ಎಷ್ಟು ಬಂತು ಎಂಬುದನ್ನು. ಯುರೋಪಿನಲ್ಲಿ ಓಜೋನ್ ನಷ್ಟದ ಲೆಕ್ಕ ಹಾಕುವವರು ಈಗ ಎಲೆಯೊಳಗೆ ಹೋದ ಪ್ರಮಾಣವನ್ನೇ ಆಧಾರ ಮಾಡಿಕೊಳ್ಳುತ್ತಿದ್ದಾರೆ.

ಇಂಥ ಗೊಂದಲಗಳಿಗೆ ಹೊಗೆಸೊಪ್ಪು ಒಂದು ಪರಿಹಾರ ಕೊಟ್ಟಿತು. 1950ರ ದಶಕದಲ್ಲಿ ಅಮೆರಿಕದ ಪೂರ್ವ ತೀರದಲ್ಲಿ, ಸಿಗಾರಿನ ಹೊರಗೆ ಸುತ್ತುವ ಎಲೆಗಾಗಿ ಬೆಳೆಯುವ ಹೊಗೆಸೊಪ್ಪಿನ ಮೇಲೆ ಚುಕ್ಕೆಗಳು ಬೀಳುತ್ತಿದ್ದವು. ಹೊರಸುತ್ತಿನ ಎಲೆಗೆ ಅಂದವೇ ಬೆಲೆ, ಆದ್ದರಿಂದ ನಷ್ಟವೂ ದೊಡ್ಡದು. ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದ ಹೋವರ್ಡ್ ಹೆಗ್ಗೆಸ್ಟಾಡ್ ಮತ್ತು ಮಿಡಲ್‌ಟನ್ 1959ರಲ್ಲಿ ಇದಕ್ಕೆ ಓಜೋನ್ ಕಾರಣ ಎಂದು ತೋರಿಸಿದರು. ತೀರ ಸೂಕ್ಷ್ಮವಾದ ಒಂದು ಸಾಲನ್ನು ಎಸೆಯುವ ಬದಲು ಇಟ್ಟುಕೊಂಡರು. ಅದೇ ಬೆಲ್-ಡಬ್ಲ್ಯೂ3. ನೂರು ಕೋಟಿ ಭಾಗ ಗಾಳಿಯಲ್ಲಿ ಸುಮಾರು 40 ಭಾಗ ಓಜೋನ್ ಕೆಲವು ಗಂಟೆ ಇದ್ದರೂ ಅದರ ಎಲೆಗೆ ಚುಕ್ಕೆ ಬೀಳುತ್ತದೆ. ಅದರ ಜೊತೆಗೆ ಬೆಲ್-ಬಿ ಎಂಬ ತಾಳಿಕೆಯ ತಳಿಯನ್ನೂ ಇಟ್ಟರೆ ಸಾಕ್ಷಿಗೆ ಜೋಡಿ ಸಾಕ್ಷಿ ಸಿಕ್ಕಂತೆ. ಸೂಕ್ಷ್ಮ ತಳಿಗೆ ಮಾತ್ರ ಚುಕ್ಕೆ ಬಿದ್ದರೆ ಓಜೋನ್, ಎರಡಕ್ಕೂ ಬಿದ್ದರೆ ಬೇರೆ ಏನೋ ಇರಬೇಕು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರಿಗೆ ಕಪ್ಪೆಕಣ್ಣಿನ ಚುಕ್ಕೆ ರೋಗ ಗೊತ್ತು, ಅದು ಶಿಲೀಂಧ್ರದ್ದು. ಅದನ್ನೂ ಓಜೋನ್ ಚುಕ್ಕೆಯನ್ನೂ ಬೇರ್ಪಡಿಸಲು ಈ ಜೋಡಿ ಬೇಕೇ ಬೇಕು. ಒಂದೇ ಬೀಜ, ಒಂದೇ ಮಣ್ಣು, ಬತ್ತಿಯಿಂದ ಸದಾ ಸಿಗುವ ನೀರು, ಹೀಗೆ ಅಣಿಗೊಳಿಸಿದ ಗಿಡಗಳನ್ನು ಯುರೋಪಿನ ಹಲವು ನಗರಗಳಲ್ಲಿ ಇಟ್ಟು ಹೋಲಿಸಿದ್ದಾರೆ.

ನಮ್ಮ ದೇಶದ್ದೇ ಒಂದು ಹಳೆಯ ಕಥೆ ಮಾವಿನದು. ಉತ್ತರ ಪ್ರದೇಶ, ಬಿಹಾರದ ತೋಪುಗಳಲ್ಲಿ ಕಾಯಿ ಬಲಿಯುವ ಮೊದಲೇ ತುದಿ ಹಳದಿಯಾಗಿ, ಕಪ್ಪಾಗಿ, ಗಟ್ಟಿಯಾಗುವ ಕಪ್ಪುತುದಿ ಎಂಬ ಬೇನೆ ಇದೆ. ಮೊದಲು ರೋಗಾಣು ಹುಡುಕಿದರು, ಸಿಗಲಿಲ್ಲ. ಬೇನೆ ಬಿದ್ದ ತೋಪುಗಳ ಪಕ್ಕದಲ್ಲೆಲ್ಲ ಇಟ್ಟಿಗೆ ಗೂಡುಗಳಿದ್ದವು. ಅಲಹಾಬಾದ್ ವಿಶ್ವವಿದ್ಯಾಲಯದ ಶ್ರೀ ರಂಜನ್ ಮತ್ತು ವಿ.ಆರ್. ಝಾ 1940ರಲ್ಲಿ ಎಥಿಲೀನ್ ಮತ್ತು ಸಲ್ಫರ್ ಡೈಆಕ್ಸೈಡ್ ಮಾವಿನ ಕಾಯಿಗೆ ಏನು ಮಾಡುತ್ತವೆ ಎಂದು ಪರೀಕ್ಷಿಸಿ ಪ್ರಕಟಿಸಿದರು. ಗೂಡು ಉರಿಯುವುದು ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ, ಕಾಯಿ ಕಚ್ಚಿ ಬೆಳೆಯುವುದೂ ಅದೇ ಕಾಲ. ಹಾಗಾಗಿ ಪೆಟ್ಟು ನೇರ. ಚಿಮಣಿ ಎತ್ತರಿಸಿ, ಗೂಡನ್ನು ದೂರ ಮಾಡಿ ಎಂಬ ಸಲಹೆ ಆಗಿನಿಂದಲೂ ಇದೆ. ಜೊತೆಗೆ ಬೋರಾಕ್ಸ್ ಸಿಂಪಡಿಸಿ ಎಂಬ ಸಲಹೆಯೂ ಬಂತು. ಗೂಡಿಗಿಂತ ಬೋರಾಕ್ಸ್ ಸುಲಭ, ಆದ್ದರಿಂದ ಎರಡನೆಯದೇ ಹೆಚ್ಚು ಪ್ರಚಾರ ಪಡೆಯಿತು ಎಂದು ನನ್ನ ಅನಿಸಿಕೆ. ಸಾಕ್ಷಿಯ ಬಾಯಿಗೆ ಔಷಧಿ ಹಾಕಿ ಮೊಕದ್ದಮೆ ಮುಗಿಸುವ ರೀತಿ ಇದು.

ಗಿಡ ನಿಜವಾಗಿಯೂ ನ್ಯಾಯಪೀಠದ ಮುಂದೆ ಬಂದ ಪ್ರಸಂಗವೂ ಉಂಟು. ಕೆನಡಾದ ಟ್ರೇಲ್ ಎಂಬಲ್ಲಿ ಸೀಸ, ಸತುವಿನ ಅದಿರು ಕರಗಿಸುವ ಕಾರ್ಖಾನೆ. ಗಂಧಕದ ಹೊಗೆ ಕೊಲಂಬಿಯಾ ನದಿಯ ಕಣಿವೆ ಹಿಡಿದು ಗಡಿ ದಾಟಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಲ, ಕಾಡುಗಳ ಮೇಲೆ ಇಳಿಯುತ್ತಿತ್ತು. ಎರಡು ದೇಶಗಳ ಮಧ್ಯಸ್ಥಿಕೆ ನ್ಯಾಯಮಂಡಳಿ 1938ರಲ್ಲಿ ಮತ್ತು 1941ರಲ್ಲಿ ತೀರ್ಪು ಕೊಟ್ಟಿತು. ತನ್ನ ನೆಲವನ್ನು ಬಳಸಿ ಇನ್ನೊಂದು ದೇಶಕ್ಕೆ ಹೊಗೆಯಿಂದ ಗಂಭೀರ ಹಾನಿ ಮಾಡುವ ಹಕ್ಕು ಯಾವ ದೇಶಕ್ಕೂ ಇಲ್ಲ ಎಂಬ ತತ್ವ ಅಲ್ಲಿ ನಿಂತಿತು. ಅಂತರರಾಷ್ಟ್ರೀಯ ಪರಿಸರ ಕಾನೂನು ಓದುವವರು ಈ ಮೊಕದ್ದಮೆಯಿಂದಲೇ ಶುರುಮಾಡುತ್ತಾರೆ. ಆದರೆ ಆ ತತ್ವಕ್ಕೊಂದು ಷರತ್ತಿತ್ತು: ಹಾನಿ ಸ್ಪಷ್ಟವಾದ, ಮನಗಾಣಿಸುವ ಪುರಾವೆಯಿಂದ ಸಾಬೀತಾಗಬೇಕು. ಆ ದಶಕಗಳಲ್ಲೆಲ್ಲ ನಡೆದ ಜಗಳ ಇದರ ಸುತ್ತಲೇ. ಎಲೆಯ ಮೇಲೆ ಕಲೆ ಕಾಣದಿದ್ದರೆ ಹಾನಿಯೂ ಇಲ್ಲ ಎಂದು ಒಂದು ಪಕ್ಷ, ಕಾಣದ ಹಾನಿಯೂ ಇದೆ ಎಂದು ಇನ್ನೊಂದು ಪಕ್ಷ. ಓಜೋನ್ ವಿಷಯದಲ್ಲಂತೂ ಎರಡನೆಯ ಪಕ್ಷ ಗೆದ್ದಿದೆ. ಎಲೆ ಹಸಿರಾಗಿಯೇ ಇದ್ದು ಗೋಧಿಯ ಇಳುವರಿ ಕುಗ್ಗುತ್ತದೆ ಎಂಬುದನ್ನು ಮೇಲ್ಭಾಗ ತೆರೆದ ಕೋಣೆಗಳ ಪ್ರಯೋಗಗಳು ತೋರಿಸಿವೆ. ನಮ್ಮಲ್ಲಿ ಬನಾರಸ್‌ನಲ್ಲಿ ಮಧೂಲಿಕಾ ಅಗರವಾಲ್ ಮತ್ತು ಸಂಗಡಿಗರು ಈ ಕೆಲಸವನ್ನು ವರ್ಷಾನುಗಟ್ಟಲೆ ಮಾಡಿದ್ದಾರೆ.

1984ರ ಡಿಸೆಂಬರ್‌ನ ಭೋಪಾಲ ಅನಿಲ ದುರಂತವನ್ನು ಇಲ್ಲಿ ಒಂದು ಮಾತಿನಲ್ಲಿ ನೆನೆದು ಮುಂದೆ ಹೋಗುತ್ತೇನೆ. ಆ ರಾತ್ರಿ ಗಾಳಿಯಲ್ಲಿ ವಿಷ ಎಷ್ಟಿತ್ತು ಎಂದು ಅಳೆಯುವವರು ಯಾರೂ ಇರಲಿಲ್ಲ. ಮೋಡ ಹಾದುಹೋದ ದಾರಿಯನ್ನು ಎಲೆ ಕರಟಿ ಉದುರಿದ ಮರಗಳು ಹೇಳಿದವು, ಸಮೀಕ್ಷೆ ಮಾಡಿದವರು ಅವುಗಳ ನಕ್ಷೆ ಬರೆದರು.

ಕಲ್ಲುಹೂವಿನ ಮಾತು ಇಷ್ಟು ಹೊತ್ತು ತಡೆದಿಟ್ಟಿದ್ದೆ. ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿ ಬೂದುಬಣ್ಣದ ಒಣ ಚೂರಾಗಿ ಇರುವುದೂ ಇದೇ ಬಳಗದ್ದು. ಸೂಕ್ಷ್ಮವಾಗಿ ಹೇಳುವುದಾದರೆ ಇದು ಗಿಡವಲ್ಲ, ಶಿಲೀಂಧ್ರ ಮತ್ತು ಪಾಚಿಯ ಕೂಡುಬಾಳು. ಬೇರಿಲ್ಲ, ಮೇಣದ ಹೊದಿಕೆಯಿಲ್ಲ, ಮುಚ್ಚಿಕೊಳ್ಳಲು ಪತ್ರರಂಧ್ರವೂ ಇಲ್ಲ. ಮಳೆ, ಮಂಜು, ಧೂಳು ತಂದದ್ದೆಲ್ಲವನ್ನೂ ಮೈಯೆಲ್ಲ ಬಾಯಾಗಿ ಹೀರುತ್ತದೆ. ಎಲೆ ಉದುರಿಸಿ ವಿಷ ಕಳೆದುಕೊಳ್ಳುವ ಉಪಾಯವೂ ಅದಕ್ಕಿಲ್ಲ. ಸಲ್ಫರ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ಆಮ್ಲವಾದಾಗ ಪಾಚಿಯ ಪತ್ರಹರಿತ್ತು ಮೆಗ್ನೀಸಿಯಂ ಕಳೆದುಕೊಂಡು ಕಂದಾಗುತ್ತದೆ, ಅನ್ನ ಕೊಡುವ ಪಾಚಿ ಸತ್ತರೆ ಶಿಲೀಂಧ್ರವೂ ಸಾಯುತ್ತದೆ.

ಫಿನ್ಲೆಂಡಿನಿಂದ ಪ್ಯಾರಿಸಿಗೆ ಬಂದು ನೆಲೆಸಿದ ವಿಲಿಯಂ ನೈಲಾಂಡರ್ 1866ರಲ್ಲಿ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂವುಗಳ ಬಗ್ಗೆ ಬರೆದರು. ನಗರದ ಬೇರೆಡೆ ಕಾಣದ ಕಲ್ಲುಹೂವುಗಳು ಆ ಉದ್ಯಾನದ ಮರಗಳ ಮೇಲೆ ಇರುವುದನ್ನು ಕಂಡು, ಗಾಳಿ ಎಷ್ಟು ಆರೋಗ್ಯಕರ ಎಂಬುದರ ಅಳತೆಗೋಲು ಇವು ಎಂದರು. ಅದಕ್ಕೆ ಮೊದಲು, 1859ರಲ್ಲೇ, ಮ್ಯಾಂಚೆಸ್ಟರ್ ಸುತ್ತ ಇವು ಕಾಣೆಯಾಗುತ್ತಿರುವುದನ್ನು ಗ್ರಿಂಡನ್ ಬರೆದಿದ್ದರು. 1970ರಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್ ಎಂಬ ಇಬ್ಬರು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸೊನ್ನೆಯಿಂದ ಹತ್ತರವರೆಗಿನ ವಲಯಗಳ ಮಾಪಕ ಮಾಡಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರದ ತೊಗಟೆಯ ಮೇಲೆ ಯಾವ ಜಾತಿಗಳಿವೆ ಎಂದು ನೋಡಿದರೆ ಚಳಿಗಾಲದ ಸಲ್ಫರ್ ಡೈಆಕ್ಸೈಡ್ ಸುಮಾರು ಎಷ್ಟು ಎಂದು ಹೇಳಬಹುದು. ಗಡ್ಡದಂತೆ ಜೋಲುವ ಅಸ್ನಿಯಾ ಶುದ್ಧ ಗಾಳಿಯ ಕಡೆ, ಲೆಕನೋರಾ ಕೋನಿಜಿಯಾಯ್ಡಿಸ್ ಎಂಬ ಬೂದುಹಸಿರು ಹಕ್ಕಳೆ ಕೊಳಕು ಗಾಳಿಯ ಕಡೆ. ಯಂತ್ರಗಳಿಲ್ಲದ ಹಳ್ಳಿಗಳ ಗಾಳಿಯ ನಕ್ಷೆಯನ್ನೂ ಇದರಿಂದ ಬರೆಯಲು ಸಾಧ್ಯವಾಯಿತು.

ನನಗೆ ಇದಕ್ಕಿಂತ ಸ್ವಾರಸ್ಯವೆನಿಸುವುದು ಆಮೇಲಿನ ಕಥೆ. ಕಲ್ಲಿದ್ದಲು ಬಳಕೆ ಇಳಿದು ಲಂಡನ್ನಿನ ಗಂಧಕ ತಗ್ಗಿದಾಗ ಕಲ್ಲುಹೂವುಗಳು ಮರಳಿದವು, ಆದರೆ ಮಾಪಕದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತ ಬರಲಿಲ್ಲ. ನಡುವಿನ ವಲಯಗಳ ಜಾತಿಗಳನ್ನು ಬಿಟ್ಟು ಕೆಲವು ನೇರವಾಗಿ ಮೇಲಿನ ವಲಯಗಳಿಂದಲೇ ಬಂದವು. ಹಾಕ್ಸ್‌ವರ್ತ್ ಮತ್ತು ಮ್ಯಾಕ್‌ಮ್ಯಾನಸ್ 1989ರಲ್ಲಿ ಇದನ್ನು ದಾಖಲಿಸಿದರು. ಕೊಳಕು ಗಾಳಿಯ ಗುರುತಾಗಿದ್ದ ಲೆಕನೋರಾ ಗಂಧಕ ತಗ್ಗಿದೊಡನೆ ತಾನೇ ಅಪರೂಪವಾಯಿತು. ಅದರ ಬದಲು ವಾಹನಗಳ ನೈಟ್ರೋಜನ್ ಮತ್ತು ದನದ ಕೊಟ್ಟಿಗೆಗಳ ಅಮೋನಿಯಾ ಇಷ್ಟಪಡುವ, ಅರಿಸಿನ ಬಣ್ಣದ ಜಾಂಥೋರಿಯಾ ಹಬ್ಬಿತು. ಈಗ ಅಲ್ಲಿ ಮರದ ತುಂಬ ಕಲ್ಲುಹೂವು ಇದ್ದರೂ ಗಾಳಿ ಶುದ್ಧ ಎನ್ನಲಾಗದು, ಯಾವ ಕಲ್ಲುಹೂವು ಎಂದು ಕೇಳಬೇಕು. ಸಾಕ್ಷಿಯ ಭಾಷೆಯೇ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 1970ರ ನಿಘಂಟು ಹಿಡಿದು ಇವತ್ತಿನ ತೊಗಟೆ ಓದುವಂತಿಲ್ಲ. ಇಂಗ್ಲೆಂಡಿನ ನಿಘಂಟು ಹಿಡಿದು ಬೆಂಗಳೂರಿನ ತೊಗಟೆಯನ್ನಂತೂ ಓದಲೇಬಾರದು. ನಮ್ಮ ಒಣಹವೆಯ ಊರುಗಳಲ್ಲಿ ಕಲ್ಲುಹೂವು ಇಲ್ಲದಿರುವುದಕ್ಕೆ ತೇವದ ಕೊರತೆಯೇ ಕಾರಣವಿರಬಹುದು. ಮಲೆನಾಡಿನಲ್ಲಿ ಮಳೆಯೇ ಅದನ್ನು ಸಾಕುತ್ತದೆ.

ನಮ್ಮ ಕಡೆ ಕೆಲಸ ನಡೆದೇ ಇಲ್ಲ ಎಂದಲ್ಲ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಡಿ.ಕೆ. ಉಪ್ರೇತಿ ಮತ್ತು ಸಂಗಡಿಗರು ಈ ಕ್ಷೇತ್ರವನ್ನು ಕಟ್ಟಿದರು. ಊರ ಹೊಗೆಯಲ್ಲೂ ಬದುಕುವ ಪಿಕ್ಸಿನ್ ಕೋಕೋಸ್ ಎಂಬ ಜಾತಿಯನ್ನು ಅವರು ಲೋಹ ಅಳೆಯಲು ಹೆಚ್ಚಾಗಿ ಬಳಸಿದರು. ಬೆಂಗಳೂರಿನ ಕಲ್ಲುಹೂವುಗಳ ಹಂಚಿಕೆ ಮತ್ತು ಅವುಗಳಲ್ಲಿ ಸೇರಿದ ಭಾರಲೋಹಗಳ ಬಗ್ಗೆ, ಲಾಲ್‌ಬಾಗಿಗೆ ವಿಶೇಷ ಗಮನ ಕೊಟ್ಟು, ನಾಯಕ, ಉಪ್ರೇತಿ, ಮಾಧವ ಗಾಡ್ಗೀಳ ಮತ್ತು ಪಾಂಡೆ ಅವರ ಪ್ರಬಂಧ 2003ರಲ್ಲಿ ಕರೆಂಟ್ ಸೈನ್ಸ್‌ನಲ್ಲಿ ಬಂತು. ಲಾಲ್‌ಬಾಗಿನ ಹೂವಿನ ಪ್ರದರ್ಶನಕ್ಕೆ ಲಕ್ಷಾಂತರ ಜನ ಸಾಲು ನಿಲ್ಲುತ್ತಾರೆ. ಅಲ್ಲಿನ ಬಂಡೆಯ ಮೇಲಿನ, ತೊಗಟೆಯ ಮೇಲಿನ ಈ ಹೂವನ್ನು ಮಾತ್ರ ನೋಡುವವರಿಲ್ಲ.

ಕಲ್ಲುಹೂವನ್ನು ಮನುಷ್ಯರ ಆರೋಗ್ಯದ ಜೊತೆ ಇಟ್ಟು ನೋಡಿದವರೂ ಇದ್ದಾರೆ. ಇಟಲಿಯ ವೆನೆಟೊ ಪ್ರಾಂತದಲ್ಲಿ ಚಿಸ್ಲಾಗಿ ಮತ್ತು ನಿಮಿಸ್ 662 ಕಡೆ ಕಲ್ಲುಹೂವಿನ ವೈವಿಧ್ಯ ಎಣಿಸಿ, 55 ವರ್ಷದೊಳಗಿನ ಗಂಡಸರ ಶ್ವಾಸಕೋಶ ಕ್ಯಾನ್ಸರ್ ಸಾವಿನ ನಕ್ಷೆಯ ಜೊತೆ ಇಟ್ಟು ನೋಡಿದರು. ವೈವಿಧ್ಯ ಕಡಿಮೆ ಇದ್ದಲ್ಲಿ ಸಾವು ಹೆಚ್ಚಿತ್ತು. 1997ರಲ್ಲಿ ನೇಚರ್‌ನಲ್ಲಿ ಬಂದ ಆ ಲೇಖನವನ್ನು ಕಲ್ಲುಹೂವಿನ ಅಭಿಮಾನಿಗಳು ಬಹಳ ಸಲ ಉದಾಹರಿಸುತ್ತಾರೆ. ಹೊಂದಿಕೆ ಇದೆ ಎಂಬುದು ಬೇರೆ, ಅದರಿಂದಲೇ ಇದಾಯಿತು ಎಂಬುದು ಬೇರೆ. ಈ ಎಚ್ಚರವನ್ನೂ ಜೊತೆಗೇ ಹೇಳಬೇಕು.

ಗಿಡದ ಸಾಕ್ಷ್ಯವನ್ನು ಸರಿಯಾದ ಕ್ರಮದಲ್ಲಿ ಬಳಸಿದ ಅತ್ಯುತ್ತಮ ಉದಾಹರಣೆ ಯಾವುದು ಎಂದರೆ ನಾನು ಪೋರ್ಟ್‌ಲೆಂಡ್ ಎನ್ನುತ್ತೇನೆ. ಅಮೆರಿಕದ ಒರೆಗಾನ್ ರಾಜ್ಯದ ಈ ನಗರದ ಗಾಳಿಯಲ್ಲಿ ಕ್ಯಾಡ್ಮಿಯಂ ಇದೆ ಎಂಬುದು ಯಂತ್ರದಿಂದ ಗೊತ್ತಿತ್ತು, ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರಲಿಲ್ಲ. ಇಡೀ ನಗರಕ್ಕೆ ಯಂತ್ರ ಹೊಂದಿಸುವಷ್ಟು ದುಡ್ಡಿರಲಿಲ್ಲ. ಅರಣ್ಯ ಸೇವೆಯ ಸಾರಾ ಜೋವನ್ ಮತ್ತು ಜೆಫ್ರಿ ಡೊನೊವನ್ 2013ರ ಡಿಸೆಂಬರ್‌ನಲ್ಲಿ ಊರಿನ ಮರಗಳ ಕಾಂಡದಿಂದ ಒಂದೇ ಜಾತಿಯ ಹಾವಸೆಯ 346 ಮಾದರಿಗಳನ್ನು ಕಿತ್ತು ತಂದರು. ಹಾವಸೆಗೂ ನಿಜವಾದ ಬೇರಿಲ್ಲ, ಅದು ಗಾಳಿಯಿಂದಲೇ ಲೋಹ ಹೀರುತ್ತದೆ. ಸ್ವೀಡನ್ನಿನಲ್ಲಿ ರೂಲಿಂಗ್ ಮತ್ತು ಟೈಲರ್ 1960ರ ದಶಕದ ಕೊನೆಯಲ್ಲೇ ಇದನ್ನು ತೋರಿಸಿದ್ದರು. ಪೋರ್ಟ್‌ಲೆಂಡಿನ ಹಾವಸೆಗಳಿಗೆ ಯಾವ ಕಾಯಿಲೆಯೂ ಇರಲಿಲ್ಲ, ಹಸಿರಾಗಿಯೇ ಇದ್ದವು. ಇಂಥವನ್ನು ಸೂಚಕ ಎನ್ನುವ ಬದಲು ಸಂಚಯಕ ಎನ್ನುತ್ತೇವೆ. ಇವು ತಮ್ಮ ನೋವನ್ನು ಹೇಳುವುದಿಲ್ಲ, ಜೇಬಿನಲ್ಲಿ ಏನಿದೆ ಎಂದು ತೋರಿಸುತ್ತವೆ.

ಪ್ರಯೋಗಾಲಯದ ಅಂಕಿಗಳನ್ನು ನಕ್ಷೆಗೆ ಹಾಕಿದಾಗ ಕ್ಯಾಡ್ಮಿಯಂ ಎರಡು ಕಡೆ ಗುಡ್ಡೆಗಟ್ಟಿತ್ತು. ಎರಡು ಕಡೆಯೂ ಬಣ್ಣದ ಗಾಜು ಮಾಡುವ ಕಾರ್ಖಾನೆ! ಗಾಜಿಗೆ ಹಳದಿ, ಕಿತ್ತಳೆ, ಕೆಂಪು ಕೊಡುವುದು ಕ್ಯಾಡ್ಮಿಯಂ. ಇಷ್ಟಕ್ಕೇ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟು ಬಾಗಿಲು ಮುಚ್ಚಿಸಿ ಎನ್ನಲಿಲ್ಲ. ರಾಜ್ಯದ ಪರಿಸರ ಇಲಾಖೆ 2015ರ ಅಕ್ಟೋಬರ್‌ನಲ್ಲಿ ಒಂದು ಕಾರ್ಖಾನೆಯ ಬಳಿ ಯಂತ್ರ ಇಟ್ಟು ಗಾಳಿಯನ್ನೇ ಅಳೆಯಿತು. ರಾಜ್ಯ ಗೊತ್ತುಮಾಡಿದ ಮಟ್ಟಕ್ಕಿಂತ ಕ್ಯಾಡ್ಮಿಯಂ 49 ಪಟ್ಟು, ಆರ್ಸೆನಿಕ್ 159 ಪಟ್ಟು ಹೆಚ್ಚಿತ್ತು. 2016ರ ಆರಂಭದಲ್ಲಿ ವಿಷಯ ಹೊರಬಿತ್ತು, ಕಾರ್ಖಾನೆಗಳು ಆ ಲೋಹಗಳ ಬಳಕೆ ನಿಲ್ಲಿಸಿದವು, ವಿಷಕಾರಿ ಗಾಳಿಯ ನಿಯಂತ್ರಣಕ್ಕೆ ರಾಜ್ಯ ಹೊಸ ಕಾನೂನನ್ನೇ ಮಾಡಿತು. ಆರ್ಸೆನಿಕ್ ಅಷ್ಟಿದೆ ಎಂಬುದನ್ನು ಬಯಲು ಮಾಡಿದ್ದು ಯಂತ್ರ, ಆ ಯಂತ್ರವನ್ನು ಎಲ್ಲಿ ಇಡಬೇಕು ಎಂದು ತೋರಿಸಿದ್ದು ಹಾವಸೆ. ಈ ಕೆಲಸ ಹಂಚಿಕೆ ನಮಗೂ ಒಗ್ಗುವಂಥದ್ದು.

ಯಾಕೆ ಒಗ್ಗುತ್ತದೆ ಎಂದರೆ, ನಮ್ಮ 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಪಟ್ಟಿಯಲ್ಲಿ ಹನ್ನೆರಡು ಮಾಲಿನ್ಯಕಾರಕಗಳಿವೆ. ಅವನ್ನೆಲ್ಲ ಅಳೆಯುವ ಯಂತ್ರ ಪ್ರತಿ ತಾಲ್ಲೂಕಿಗೆ ಬರುವುದು ಸದ್ಯಕ್ಕಂತೂ ಇಲ್ಲ. ಉದಾಹರಣೆಗೆ, ಉಡುಪಿ ಜಿಲ್ಲೆಯ ಎಲ್ಲೂರು, ನಂದಿಕೂರು ಕಡೆ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬಂದ ಮೇಲೆ ಮಲ್ಲಿಗೆ ಬೆಳೆಗಾರರು ಎಲೆ, ಮೊಗ್ಗು ಹಾಳಾಗುತ್ತಿವೆ ಎಂದು ದೂರುತ್ತಲೇ ಬಂದರು. ಆ ದೂರನ್ನು ಸಾಕ್ಷ್ಯದ ಮಟ್ಟಕ್ಕೆ ಏರಿಸುವುದು ಹೇಗೆ ಎಂಬುದು ಸಸ್ಯಶಾಸ್ತ್ರ ವಿಭಾಗಗಳು ಎತ್ತಿಕೊಳ್ಳಬೇಕಾದ ಪ್ರಶ್ನೆ. ಎಲೆಯ ಮೇಲೆ ಬಿದ್ದದ್ದು ಹಾರುಬೂದಿಯೇ, ಉಪ್ಪಿನ ಹನಿಯೇ, ಗಂಧಕವೇ, ಬರಿಯ ಶಿಲೀಂಧ್ರವೇ? ಸ್ಥಾವರ ಶುರುವಾಗುವ ಮೊದಲಿನ ಎಲೆಯ ದಾಖಲೆ ಯಾರ ಬಳಿಯಾದರೂ ಇದೆಯೇ? ಹೊಸ ಕಾರ್ಖಾನೆಯ ಅಡಿಗಲ್ಲು ಬೀಳುವ ವರ್ಷವೇ ಸುತ್ತಲಿನ ಹಾವಸೆ, ತೊಗಟೆ, ಎಲೆಗಳ ಮಾದರಿಯನ್ನು ಒಣಗಿಸಿ, ಪ್ಯಾಕೆಟ್ಟು ಮಾಡಿ, ತಾರೀಖು ಬರೆದು ಹತ್ತಿರದ ಕಾಲೇಜಿನಲ್ಲಿ ಇಡುವ ಪದ್ಧತಿ ಬಂದರೆ, ಹತ್ತು ವರ್ಷದ ಮೇಲೆ ಎರಡೂ ಪಕ್ಷದವರಿಗೂ ಅದು ಉಪಕಾರವಾಗುತ್ತದೆ. ಇದಕ್ಕೆ ಬೇಕಾದ್ದು ಒಂದು ಬೀರು, ಬೀಗದ ಕೈ ಕಳೆಯದ ಒಬ್ಬ ಅಟೆಂಡರ್.

ಓಜೋನ್ ನೋಡಬೇಕೆನ್ನುವ ಶಾಲೆಗಳಿಗೆ ಹೊಗೆಸೊಪ್ಪು ಹೇಳುವುದು ಕಷ್ಟ, ಮುಖ್ಯೋಪಾಧ್ಯಾಯರಿಗೆ ನೋಟಿಸು ಬಂದೀತು. ಅದಕ್ಕೆ ಬದಲಾಗಿ ಬೀನ್ಸ್ ಇದೆ. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಬೆಳೆಸಿದ ಎಸ್156 ಓಜೋನಿಗೆ ಸೂಕ್ಷ್ಮ, ಆರ್123 ತಾಳುವಂಥದ್ದು. ಎರಡನ್ನೂ ಅಕ್ಕಪಕ್ಕ ಬೆಳೆದು ಕಾಯಿಗಳ ತೂಕ ಹೋಲಿಸಿದರೆ ಕಣ್ಣಿಗೆ ಕಾಣದ ನಷ್ಟವೂ ತಕ್ಕಡಿಗೆ ಸಿಗುತ್ತದೆ. ಮಳೆಗಾಲದಲ್ಲಿ ಮೋಡ ಮುಸುಕಿ ಓಜೋನ್ ತಗ್ಗುವುದರಿಂದ ಬಿಸಿಲಿನ ತಿಂಗಳುಗಳೇ ಸರಿ, ಆದರೆ ಕುಂಡಕ್ಕೆ ನೀರು ಒಂದು ದಿನವೂ ತಪ್ಪಬಾರದು. ಆಸಕ್ತಿಯಿರುವ ಅಧ್ಯಾಪಕರಿಗೆ ನನ್ನ ಸಲಹೆ ಇಷ್ಟೇ: ಮೊದಲ ಜೋಡಿ ಕುಂಡವನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಓಜೋನ್ ಯಂತ್ರದ ಪಕ್ಕದಲ್ಲೇ ಇಡಿ. ಒಂದು ಹಂಗಾಮು ಎರಡರ ಮಾತೂ ಹೊಂದುತ್ತದೆಯೇ ನೋಡಿಕೊಳ್ಳಿ. ಆಮೇಲೆ ಉಳಿದ ಕುಂಡಗಳನ್ನು ಯಂತ್ರವಿಲ್ಲದ ಊರುಗಳಿಗೆ ಕಳಿಸಿ.